ಇರ್ಲಿ, ಇನ್ನೊಂದು ಜೊತೆ

ಹೊನ್ನೆಮರಡಿಗೆ ಹೋಗಿ, ಟೆಂಟಿನಲ್ಲಿದ್ದು ಬಂದ ಮರುದಿನ ಒಂದು ಕೆಲಸ ಮಾಡಿದೆ. ಬಟ್ಟೆ ಒಗೆಯಲು ಹಾಕುವ ಮೊದಲು ಎಲ್ಲ ಬ್ಯಾಗುಗಳನ್ನೂ ಮಂಚದ ಮೇಲೆ ಸುರಿದು ಎಣಿಸಿದೆ. ನಾವು ನಾಲ್ಕು ಜನ. ಎರಡು ರಾತ್ರಿ, ಮೂರು ಹಗಲು. ಒಟ್ಟು 61 ಬಟ್ಟೆ ಹೊತ್ತುಕೊಂಡು ಹೋಗಿದ್ದೆವು. ಅದರಲ್ಲಿ 34ರ ಮಡಿಕೆಯೇ ಬಿಚ್ಚಿರಲಿಲ್ಲ.

ಹಾಗಂತ ಬಟ್ಟೆ ಬೇಕಾದಷ್ಟಿತ್ತು ಅಂತಲ್ಲ. ಎರಡನೇ ರಾತ್ರಿ ಐದು ವರ್ಷದ ಮಗನಿಗೆ ಹಾಕಲು ಒಂದೇ ಒಂದು ಒಣ ಪ್ಯಾಂಟ್ ಇರಲಿಲ್ಲ. ನನ್ನ ದುಪಟ್ಟಾವನ್ನು ಅವನ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಮೇಲಿಂದ ಅವರಪ್ಪನ ಟೀ ಶರ್ಟ್ ಹಾಕಿ ಮಲಗಿಸಿದೆ. ರಾತ್ರಿಯಿಡೀ ಅವನ ಪಾದ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ತಣ್ಣಗಿತ್ತು.

61 ಬಟ್ಟೆ ಒಯ್ದು ಒಂದು ಪ್ಯಾಂಟಿಗೆ ತತ್ವಾರ ಆಯಿತಲ್ಲ, ಹೇಗೆ? ಇದಾಗಿ ಮೂರು ವರ್ಷ ಆಯಿತು. ಆಮೇಲೂ ವರ್ಷಕ್ಕೊಂದೆರಡು ಸಲ ಟೆಂಟ್ ಕಟ್ಟಿಕೊಂಡು ಹೊರಡುತ್ತಲೇ ಇದ್ದೇವೆ. ಪ್ರತಿ ಸಲ ಬ್ಯಾಗ್ ತುಂಬಲು ಕೂತಾಗಲೂ ಆ ತಣ್ಣನೆ ಪಾದ ನೆನಪಾಗುತ್ತದೆ.

ಹೊನ್ನೆಮರಡು ಇರುವುದು ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿನ ದಡದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಿಂತ ನೀರು ಅದು. ಮಳೆಗಾಲ ಕಳೆದು, ಕರೆಂಟಿಗೆ ನೀರು ಬಿಡುತ್ತಾ ಹೋದ ಹಾಗೆ ದಡ ಹಿಂದೆ ಸರಿಯುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಕೆಂಪು ಮಣ್ಣಿನ ನುಣ್ಣನೆ ಕೆಸರು. ಡಿಸೆಂಬರ್ ತಿಂಗಳ ಬೆಳಗಿನ ಬಿಸಿಲಲ್ಲಿ ಆ ಕೆಸರು ಕಂಡ ಐದು ವರ್ಷದ ಹುಡುಗ ಸುಮ್ನೆ ನಿಲ್ಲುತ್ತಾನಾ?

ಅವನಿಗೆ ಅಂತ ಏಳು ಅಂಗಿ, ಮೂರು ಪ್ಯಾಂಟ್ ಇಟ್ಟಿದ್ದೆ. ಅಂಗಿಗಳು ಚಿಕ್ಕವು, ಚಂದದವು, ಇಡುತ್ತಾ ಹೋದರೆ ಜಾಗವೇ ಬೇಡ. ಆದರೆ ಮಕ್ಕಳು ಒದ್ದೆಯಾಗುವುದು ಸೊಂಟದಿಂದ ಕೆಳಗೆ. ಬಗ್ಗಿ ಕೂರುತ್ತಾರೆ, ಮಂಡಿಯೂರುತ್ತಾರೆ, ಜಾರುತ್ತಾರೆ, ಒಂದೊಂದು ಸಲ ರಾತ್ರಿ ಹೊಸ ಜಾಗದಲ್ಲಿ ಹೆದರಿ ಹಾಸಿಗೆಯಲ್ಲೇ ಮಾಡಿಕೊಳ್ಳುತ್ತಾರೆ. ಮೊದಲ ಪ್ಯಾಂಟ್ ಕೆಸರಿಗೆ ಹೋಯಿತು. ಎರಡನೆಯದು ಹರಿಗೋಲಿನ ತಳದಲ್ಲಿ ನಿಂತ ನೀರಿಗೆ ಹೋಯಿತು. ಮೂರನೆಯದು ಬ್ಯಾಗಿನಲ್ಲೇ ಇತ್ತು, ಒಗೆದು ಮಡಚಿಟ್ಟ ಹಾಗೇ ಇತ್ತು. ಬ್ಯಾಗನ್ನು ಜಾಗ ಉಳಿಯಲಿ ಅಂತ ಟೆಂಟಿನ ಬದಿಗೆ ಒತ್ತಿ ಇಟ್ಟಿದ್ದೆ. ತೆಗೆದು ನೋಡಿದರೆ ಒಂದು ಕಡೆ ಪೂರ್ತಿ ನೆಂದಿದೆ.

ಮಳೆ ಬಂದಿರಲಿಲ್ಲ. ಟೆಂಟ್ ಸೋರಿರಲೂ ಇಲ್ಲ. ಅದು ನಮ್ಮದೇ ಉಸಿರು. ಒಬ್ಬರು ಒಂದು ರಾತ್ರಿಯಲ್ಲಿ ಉಸಿರಿನ ಜೊತೆ ಬಿಡುವ ನೀರು ಹೆಚ್ಚುಕಡಿಮೆ ಒಂದು ಲೋಟದಷ್ಟು ಇರುತ್ತದೆ. ನಾಲ್ಕು ಜನ ಒಂದೇ ಟೆಂಟಿನಲ್ಲಿ, ಚಳಿ ಅಂತ ಕಿಟಕಿಯ ಜಿಪ್ಪನ್ನೂ ಎಳೆದಿದ್ದೇವೆ. ಹೊರಗೆ ಇಬ್ಬನಿ ಬಿದ್ದು ಬಟ್ಟೆಯ ಗೋಡೆ ತಣ್ಣಗಾಗಿದೆ. ಒಳಗಿನ ಬೆಚ್ಚನೆ ಉಸಿರು ಅದಕ್ಕೆ ತಾಗಿ ನೀರಾಗಿ ಇಳಿಯುತ್ತದೆ, ಅನ್ನ ಬೇಯುವಾಗ ಮುಚ್ಚಳದ ಒಳಗೆ ಕಟ್ಟುವ ಹನಿಯ ಹಾಗೆ. ಗೋಡೆಗೆ ಏನು ತಾಗಿರುತ್ತದೋ ಅದು ಅದನ್ನೆಲ್ಲ ಕುಡಿಯುತ್ತದೆ. ಈಗ ಎಷ್ಟೇ ಚಳಿಯಿದ್ದರೂ ಮೇಲಿನ ಜಾಲರಿ ಕಿಟಕಿಯನ್ನು ನಾಲ್ಕು ಬೆರಳು ತೆರೆದೇ ಮಲಗುತ್ತೇವೆ. ಬ್ಯಾಗುಗಳು ನಡುವೆ, ಕಾಲ ಬುಡದಲ್ಲಿ.

ಅಷ್ಟು ಬಟ್ಟೆ ಬ್ಯಾಗಿಗೆ ಬಂದಿದ್ದಾದರೂ ಹೇಗೆ ಅಂತ ಯೋಚಿಸಿದರೆ, ಒಂದೇ ಒಂದು ಮಾತು ಕಾಣುತ್ತದೆ. “ಇರ್ಲಿ.”

ನಮ್ಮ ಮನೆಯಲ್ಲಿ ಯಾರೂ “ಇದು ಬೇಕು” ಅಂತ ಬಟ್ಟೆ ಇಡುವುದಿಲ್ಲ. “ಇರ್ಲಿ” ಅಂತ ಇಡುತ್ತೇವೆ. ಚಳಿ ಆದರೆ ಇರ್ಲಿ. ಮಳೆ ಬಂದರೆ ಇರ್ಲಿ. ವಾಪಸ್ ಬರುವಾಗ ದಾರಿಯಲ್ಲಿ ಯಾರದ್ದಾದರೂ ಮನೆಗೆ ಹೋದರೆ ಒಂದು ಒಳ್ಳೇ ಚೂಡಿದಾರ್ ಇರ್ಲಿ. ಈ ಮಾತನ್ನು ನಾನು ಕಲಿತಿದ್ದು ಅಮ್ಮನಿಂದ. ಅಮ್ಮ ಯಾವ ಅನುಭವದಿಂದ ಅದನ್ನು ಹೇಳುತ್ತಾರೆ ಅಂತ ಕೇಳಿಕೊಳ್ಳಲು ಮಾತ್ರ ನನಗೆ ಇಷ್ಟು ವರ್ಷ ಬೇಕಾಯಿತು.

ಅಮ್ಮನ ಊರು ತೀರ್ಥಹಳ್ಳಿ ಕಡೆ, ಆಗುಂಬೆಯ ಮಳೆ ಬೀಳುವ ಸೀಮೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುತ್ತಿರಲಿಲ್ಲ. ತಂತಿಯ ಮೇಲೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ, ಮುಗ್ಗಲು ವಾಸನೆ ಬರುತ್ತಿತ್ತು ಅಷ್ಟೆ. ಅಜ್ಜಿಯ ಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಬಿದಿರಿನ ತಟ್ಟಿ ಕಟ್ಟಿದ್ದರು. ಒಲೆಗೆ ಯಾವಾಗಲೂ ಒಂದು ದಪ್ಪ ಸೌದೆಯ ಕುಂಟೆ ಹಚ್ಚಿರುತ್ತಿತ್ತು. ಶಾಲೆಯ ಯೂನಿಫಾರಂ, ಲಂಗ, ಅಜ್ಜನ ಪಂಚೆ, ಮಗುವಿನ ಬಟ್ಟೆ, ಎಲ್ಲ ಆ ತಟ್ಟಿಯ ಮೇಲೆ ಒಣಗಬೇಕು. ರಜೆಗೆ ಹೋದಾಗ ನಾನೂ ಆ ಬಟ್ಟೆ ಹಾಕಿದ್ದೇನೆ. ಮೈಗೆ ಬೆಚ್ಚಗೆ, ಮೂಗಿಗೆ ಹೊಗೆ. ಕಾಲರಿನ ಅಂಚು ಯಾವಾಗಲೂ ಸ್ವಲ್ಪ ಕಂದು.

ಆ ಮನೆಯಲ್ಲಿ ಐದು ಮಕ್ಕಳಿಗೆ ಇದ್ದಿದ್ದು ಎರಡೆರಡೇ ಜೊತೆ. ಒಂದು ಮೈ ಮೇಲೆ, ಒಂದು ತಟ್ಟಿ ಮೇಲೆ. ಮೈ ಮೇಲಿನದು ನೆಂದು, ತಟ್ಟಿ ಮೇಲಿನದು ಇನ್ನೂ ಹಸಿಯಿದ್ದರೆ? ಆಗ ಹಸಿಯನ್ನೇ ಹಾಕಿಕೊಂಡು ಶಾಲೆಗೆ ಹೋಗಬೇಕು. ಅಮ್ಮ ಹಾಗೆ ಹೋಗಿದ್ದಾರೆ. ಅಂಥ ಹುಡುಗಿ ಬೆಳೆದು ತಾಯಿಯಾಗಿ, ಅಜ್ಜಿಯಾಗಿ “ಇರ್ಲಿ, ಇನ್ನೊಂದು ಜೊತೆ ತಗೊಂಡು ಹೋಗೆ” ಅಂದರೆ ಅದನ್ನು ಅತಿ ಕಾಳಜಿ ಅಂತ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಆದರೆ ಅಮ್ಮನ ಮಾತನ್ನು ನಾನು ತಪ್ಪು ಕೇಳಿಸಿಕೊಂಡಿದ್ದೆ. ಅವರಿಗೆ ಬೇಕಿದ್ದದ್ದು ಇನ್ನೊಂದು ಜೊತೆ ಅಲ್ಲ, ಇನ್ನೊಂದು ಒಣ ಜೊತೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ನನ್ನ 61 ಬಟ್ಟೆಗಳಲ್ಲಿ ಯಾವುದನ್ನೂ ಒಣಗಿರಲಿ ಅಂತ ಕಾಪಾಡಿರಲಿಲ್ಲ.

ಈಗ ಮೊದಲು ಕಟ್ಟುವುದು ರಾತ್ರಿಯ ಜೊತೆ. ಒಬ್ಬೊಬ್ಬರಿಗೆ ಒಂದು. ಮೈಗೆ ಸಡಿಲವಾದ ಪೂರ್ತಿ ತೋಳಿನ ಅಂಗಿ, ಪೈಜಾಮ ಇಲ್ಲವೇ ಟ್ರ್ಯಾಕ್ ಪ್ಯಾಂಟ್, ದಪ್ಪ ಸಾಕ್ಸ್, ಕಿವಿ ಮುಚ್ಚುವ ಟೋಪಿ. ಇದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಗಂಟು ಹಾಕುತ್ತೇನೆ. ಟೆಂಟಿನೊಳಗೆ ಮಲಗುವ ಹೊತ್ತಿಗೇ ಗಂಟು ಬಿಚ್ಚಬೇಕು. ಹಗಲು ಏನೇ ಆಗಲಿ, ಎಷ್ಟೇ ನೆನೆಯಲಿ, ಇದನ್ನು ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಿಚ್ಚಿ ಮತ್ತೆ ಕವರಿಗೆ. ಮೊದಮೊದಲು ಮಕ್ಕಳು ಗೊಣಗಿದರು. ಈಗ ಅವರೇ ಕೇಳುತ್ತಾರೆ, “ಅಮ್ಮಾ, ಗಂಟು ಬಿಚ್ಚಲಾ?”

ಹಗಲಿನ ಬಟ್ಟೆ ವಿಷಯಕ್ಕೆ ಬಂದರೆ ಜೀನ್ಸ್ ಬಗ್ಗೆ ಒಂದು ಮಾತು. ಹೊನ್ನೆಮರಡಿನಿಂದ ಬಂದ ಮೇಲೆ ಮಕ್ಕಳ ಅಪ್ಪನ ಜೀನ್ಸನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ಒಣಗಿದ್ದಾಗ 640 ಗ್ರಾಂ. ನೀರಲ್ಲಿ ಅದ್ದಿ, ಇಬ್ಬರು ಎರಡು ತುದಿ ಹಿಡಿದು ಹಿಂಡಿದ ಮೇಲೂ 1 ಕೆಜಿ 150 ಗ್ರಾಂ. ಅಂದರೆ ಅರ್ಧ ಲೀಟರ್ ನೀರು ಅದರಲ್ಲೇ ಕೂತಿದೆ. ಅವರ ಹಳೇ ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್ ಒಣಗಿದ್ದಾಗ 230 ಗ್ರಾಂ, ಹಿಂಡಿದ ಮೇಲೆ 320. ಬಾಲ್ಕನಿಯಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿದೆ. ಟ್ರ್ಯಾಕ್ ಪ್ಯಾಂಟ್ ಮಧ್ಯಾಹ್ನದ ಊಟದ ಹೊತ್ತಿಗೆ ಒಣಗಿತ್ತು. ಜೀನ್ಸಿನ ಸೊಂಟದ ಪಟ್ಟಿ, ಜೇಬಿನ ಒಳಗು ಮರುದಿನ ಬೆಳಿಗ್ಗೆಯೂ ಹಸಿ.

ಹತ್ತಿ ನೀರು ಕುಡಿಯುವ ನೂಲು. ಬೇಸಿಗೆಯಲ್ಲಿ ಅದೇ ಅದರ ಗುಣ, ಬೆವರು ಹೀರಿ ತಂಪು ಮಾಡುತ್ತದೆ. ಚಳಿಯಲ್ಲಿ ಆ ಗುಣವೇ ಮುಳುವಾಗುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಆ ಗಾಳಿಯ ಜಾಗಕ್ಕೆ ನೀರು ಬಂದು ಕೂತರೆ ಮೈಯ ಕಾವು ಸರ್ರನೆ ಹೊರಗೆ ಹೋಗುತ್ತದೆ, ಯಾಕೆಂದರೆ ಗಾಳಿಗಿಂತ ನೀರು ಸುಮಾರು 24 ಪಟ್ಟು ಬೇಗ ಕಾವು ಸಾಗಿಸುತ್ತದೆ. ಪಾಲಿಯೆಸ್ಟರ್ ತನ್ನ ತೂಕದ ನೂರಕ್ಕೆ ಒಂದು ಪಾಲಿನಷ್ಟೂ ತೇವ ಹೀರುವುದಿಲ್ಲ, ಅದಕ್ಕೇ ಬೇಗ ಒಣಗುತ್ತದೆ. ಆದರೆ ಅದನ್ನು ಹಾಕಿಕೊಂಡು ಬೆಂಕಿಯ ಹತ್ತಿರ ಕೂರಬಾರದು. ಒಂದು ಕಿಡಿ ಹಾರಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಸಂಜೆ ಬೆಂಕಿ ಹಾಕಿದಾಗ ಮಕ್ಕಳಿಗೆ ಮೇಲಿಂದ ಹತ್ತಿಯ ದಪ್ಪ ಅಂಗಿಯೋ ಉಣ್ಣೆಯ ಸ್ವೆಟರೋ ಇರಲೇಬೇಕು. ಹೊಗೆ ವಾಸನೆ ಹಿಡಿದರೂ ಪರವಾಗಿಲ್ಲ ಅನ್ನುವಂಥ ಹಳೆಯದನ್ನೇ ಆರಿಸುತ್ತೇನೆ.

ಆ ಮುಂದಿನ ಜನವರಿಯಲ್ಲಿ ಅಮ್ಮನೂ ನಮ್ಮ ಜೊತೆ ಬಂದರು. ಚಿಕ್ಕಮಗಳೂರಿನಿಂದ ಮೇಲೆ, ಬಾಬಾಬುಡನ್‌ಗಿರಿ ಸಾಲಿನ ಬುಡದಲ್ಲಿ ಒಂದು ಕಾಫಿ ತೋಟ. ಕುಯಿಲಿನ ಕಾಲ. ಕಣದಲ್ಲಿ ಹಣ್ಣು ಹರಡಿದ ಹುಳಿ ವಾಸನೆ ಟೆಂಟಿನ ತನಕ ಬರುತ್ತಿತ್ತು. ಹೊರಡುವ ಮುಂಚೆ ನಾನು ಲೆಕ್ಕ ಹಾಕಿದ್ದೆ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಕಡಿಮೆ. ಬೆಂಗಳೂರೇ 900 ಮೀಟರ್ ಮೇಲಿದೆ. ಮುಳ್ಳಯ್ಯನಗಿರಿ 1,930. ಹಾಗಾಗಿ ಬೆಟ್ಟದ ತುದಿಗೆ ಹೋದರೂ ನಮ್ಮ ಬೆಂಗಳೂರಿನ ಚಳಿಗಿಂತ ಆರೇಳು ಡಿಗ್ರಿ ಜಾಸ್ತಿ ಅಷ್ಟೇ ಅಲ್ವಾ, ನಮ್ಮ ತೋಟ ಇನ್ನೂ ಕೆಳಗಿದೆ, ಎರಡೆರಡು ಸ್ವೆಟರ್ ಯಾಕೆ ಅಂದುಕೊಂಡೆ. ಅಮ್ಮ ಮಾತ್ರ ಊರಿಂದ ಬರುವಾಗಲೇ ಕರಿ ಕಂಬಳಿ ಹಿಡಿದು ಬಂದಿದ್ದರು. ಚಳ್ಳಕೆರೆ ಕಡೆಯ ಕಂಬಳಿ. ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿ ಮಾಡಿದ್ದು, ಹೊಸದರಲ್ಲಿ ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿ, ಆಗಲೇ ಇಪ್ಪತ್ತು ವರ್ಷ ಬಳಸಿ ಮೆತ್ತಗಾಗಿತ್ತು.

“ಅಮ್ಮ, ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ, ಇದ್ಯಾಕೆ?” ಅಂದೆ.

“ಇರ್ಲಿ,” ಅಂದರು.

ಲೆಕ್ಕ ಸರಿಯಿತ್ತು, ಜಾಗ ತಪ್ಪಿತ್ತು. ಹಳ್ಳದ ಪಕ್ಕದ ಹುಲ್ಲುಜಾಗ ಚಂದ ಕಾಣಿಸಿತು ಅಂತ ಅಲ್ಲಿ ಟೆಂಟ್ ಹಾಕಿದ್ದೆವು. ತಣ್ಣನೆ ಗಾಳಿ ಭಾರ. ರಾತ್ರಿ ಅದು ಇಳಿಜಾರಿನಿಂದ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೇಲೆ ಮರದ ನೆರಳೂ ಇಲ್ಲ, ಮೋಡವೂ ಇಲ್ಲ. ನೆಲದ ಕಾವೆಲ್ಲ ಆಕಾಶಕ್ಕೆ ಹೋಯಿತು. ಎರಡು ಗಂಟೆಗೆ ಎಚ್ಚರವಾದಾಗ ನನ್ನ ಬೆನ್ನು ಮಂಜುಗಡ್ಡೆಯ ಮೇಲೆ ಇಟ್ಟ ಹಾಗಿತ್ತು. ಸ್ವೆಟರ್ ಮೇಲೆ ಸ್ವೆಟರ್ ಹಾಕಿದೆ. ಪ್ರಯೋಜನ ಇಲ್ಲ. ಸ್ಲೀಪಿಂಗ್ ಬ್ಯಾಗ್ ಬಿಗಿಯಾಗಿ, ಒಳಗಿನ ಗಾಳಿಯೂ ಅಮುಕಿ ಇನ್ನೂ ಚಳಿಯೇ ಆಯಿತು.

ಅಮ್ಮ ಎದ್ದು ಕೂತರು. ಟಾರ್ಚ್ ಕೂಡ ಹಾಕಲಿಲ್ಲ. “ಏಳಿ ಎಲ್ಲರೂ,” ಅಂದರು. ಕಂಬಳಿಯನ್ನು ಎರಡು ಮಡಿಕೆ ಮಾಡಿ ನೆಲಕ್ಕೆ ಹಾಸಿದರು, ಅಡ್ಡಕ್ಕೆ, ಎಲ್ಲರ ಬೆನ್ನಿಗೂ ಬರುವ ಹಾಗೆ. ಮಗನನ್ನು ನಡುವೆ ಮಲಗಿಸಿದರು. “ಚಳಿ ಮೇಲಿಂದ ಬರೋದಲ್ಲ ಕಣೆ, ಕೆಳಗಿಂದ ಬರೋದು. ಹೊದ್ಕೊಳ್ಳೋಕೆ ಅಲ್ಲ, ಹಾಸ್ಕೊಳ್ಳೋಕೆ ತಂದಿದ್ದು.”

ಹತ್ತು ನಿಮಿಷದಲ್ಲಿ ಮಗನ ಪಾದ ಬೆಚ್ಚಗಾಯಿತು. ಅವತ್ತು ನಾನು ನಿದ್ದೆ ಬರುವ ತನಕ ಆ ಪಾದವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ.

ಬೆಳಿಗ್ಗೆ ನೋಡಿದರೆ ನೆಲದ ತೇವಕ್ಕೆ ಕಂಬಳಿಯ ಕೆಳಮೈ ತಣ್ಣಗಾಗಿತ್ತು, ಮೇಲೆ ಮಾತ್ರ ಒದ್ದೆ ಅನ್ನಿಸುತ್ತಲೇ ಇರಲಿಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಎಳೆಯ ಒಳಗೇ ಇಟ್ಟುಕೊಳ್ಳಬಲ್ಲದು, ಮುಟ್ಟಿದರೆ ಗೊತ್ತಾಗುವುದಿಲ್ಲ. ಕುರಿ ಕಾಯುವವರು, ನಾಟಿಗೆ ಹೋಗುವವರು ಇಡೀ ಮಳೆಗಾಲ ಕಂಬಳಿ ಕೊಪ್ಪೆ ಹಾಕಿಕೊಂಡು ಕಳೆದಿದ್ದು ಸುಮ್ನೆ ಅಲ್ಲ. ಎರಡೂವರೆ ಕೆಜಿ ಭಾರ ಇದೆ ಅದು. ನಾಲ್ಕು ಸ್ವೆಟರ್ ಕಡಿಮೆ ಮಾಡಿ ಒಂದು ಕಂಬಳಿ ಇಡುವುದು ನಷ್ಟದ ಲೆಕ್ಕ ಅಲ್ಲವೇ ಅಲ್ಲ.

ಅಮ್ಮನಿಂದ ಬಂದ ಇನ್ನೊಂದು ವಸ್ತು ಪಾಣಿಪಂಚೆ, ಮೈ ಒರೆಸುವ ತೆಳ್ಳನೆ ಹತ್ತಿ ಬಟ್ಟೆ. ಮೊದಲು ನಾಲ್ಕು ಟರ್ಕಿ ಟವೆಲ್ ಒಯ್ಯುತ್ತಿದ್ದೆ. ಅರ್ಧ ಬ್ಯಾಗ್ ಅದೇ. ಒಂದು ಸಲ ಮೈ ಒರೆಸಿದರೆ ಸಂಜೆ ತನಕ ಹಸಿ. ಪಾಣಿಪಂಚೆ ಹಿಂಡಿ ಪೊದೆಯ ಮೇಲೆ ಹರಡಿದರೆ ಒಂದು ಗಂಟೆ ಬಿಸಿಲು ಸಾಕು. ಬಿಸಿಲಿಗೆ ತಲೆಗೆ ಸುತ್ತಬಹುದು, ಬಿಸಿ ಪಾತ್ರೆ ಹಿಡಿಯಬಹುದು, ಬಟ್ಟೆ ಬದಲಾಯಿಸುವಾಗ ಅಡ್ಡ ಹಿಡಿಯಬಹುದು. ಜೊತೆಗೆ ಹತ್ತು ಮೀಟರ್ ನೈಲಾನ್ ಹಗ್ಗ, ಒಂದು ಡಜನ್ ಕ್ಲಿಪ್. ಈ ಹಗ್ಗ ಬಂದ ಮೇಲೆ ನಮ್ಮ ಬ್ಯಾಗಿನಿಂದ ತಲೆಗೊಂದು ಜೊತೆ ಕಡಿಮೆಯಾಯಿತು. ಆದರೆ ಹಗ್ಗ ಎಲ್ಲಿ ಕಟ್ಟಬೇಕು ಅಂತ ಹೋದ ಕೂಡಲೇ ನೋಡಿಕೊಳ್ಳಬೇಕು. ಕಾಫಿ ತೋಟದಲ್ಲಿ ಸಿಲ್ವರ್ ಮರಗಳ ನೆರಳು, ಹತ್ತು ಗಂಟೆ ತನಕ ಬಿಸಿಲು ಕೆಳಗೆ ಇಳಿಯುವುದೇ ಇಲ್ಲ. ಸಂಜೆ ನಾಲ್ಕೂವರೆಗೆಲ್ಲ ಬಟ್ಟೆ ತೆಗೆದುಬಿಡಬೇಕು. ಆಮೇಲೆ ಬಿಟ್ಟರೆ ಇಬ್ಬನಿಗೆ ಮತ್ತೆ ನೆನೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಜಾಗ ಉಳಿಸಲು ಹೋಗುವುದಿಲ್ಲ. ಸಾಗರ, ತೀರ್ಥಹಳ್ಳಿ, ಸೊರಬದ ಕಾಡಿಗೆ ನವೆಂಬರ್‌ನಿಂದ ಮೇ ಒಳಗೆ ಹೋಗುವವರೆಲ್ಲ ಇದನ್ನು ಮನಸ್ಸಿಟ್ಟು ಓದಿ. ಇದು ಉಣುಗಿನ ಕಾಲ. ಉಣುಗು ಅಂದರೆ ಮೈಗೆ ಅಂಟಿ ರಕ್ತ ಹೀರುವ ಹುಳ, ಮಂಗನ ಕಾಯಿಲೆ ಹರಡುವುದು ಅದು ಕಚ್ಚಿದರೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂಗ್ಲಿಷಿನಲ್ಲೂ ಆ ಕಾಯಿಲೆಗೆ ಆ ಊರಿನದ್ದೇ ಹೆಸರು. ಸಾಗರದ ಅರಳಗೋಡಿನಲ್ಲಿ 2019ರಲ್ಲಿ ಅದು ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿತು ಅಂತ ಮಲೆನಾಡಿನವರು ಮರೆತಿಲ್ಲ. ಕಾಡಿನ ತರಗೆಲೆಯ ಮೇಲೆ ಎಳ್ಳಿನ ಕಾಳಿಗಿಂತ ಚಿಕ್ಕ ಉಣುಗು ಕೂತಿರುತ್ತದೆ. ಅದಕ್ಕೆ ಕಾಡು ಸುತ್ತಲು ಒಬ್ಬೊಬ್ಬರಿಗೆ ಒಂದು ಬೇರೆಯೇ ಜೊತೆ ಇಡುತ್ತೇನೆ. ಪೂರ್ತಿ ತೋಳು, ಪೂರ್ತಿ ಕಾಲು, ತಿಳಿ ಬಣ್ಣ. ಕಪ್ಪು ಬಟ್ಟೆಯ ಮೇಲೆ ಉಣುಗು ಕಾಣುವುದಿಲ್ಲ. ಪ್ಯಾಂಟಿನ ತುದಿಯನ್ನು ಉದ್ದ ಸಾಕ್ಸಿನ ಒಳಗೆ ತುರುಕಬೇಕು. ಊರಿನ ಆರೋಗ್ಯ ಕಾರ್ಯಕರ್ತೆಯರು ಉಣುಗು ಹತ್ತಿರ ಬಾರದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತಾರೆ, ಕೇಳಿ ಹಚ್ಚಿಕೊಳ್ಳಿ. ಕಾಡಿನಿಂದ ಬಂದ ಕೂಡಲೇ ಆ ಬಟ್ಟೆ ಬಿಚ್ಚಿ, ಬೇರೆ ಚೀಲಕ್ಕೆ ಹಾಕಿ, ಬಾಯಿ ಕಟ್ಟಿಡಬೇಕು. ಟೆಂಟಿನ ಒಳಗೆ ತರುವುದೇ ಬೇಡ. ಮನೆಗೆ ಬಂದು ನೇರ ಬಿಸಿನೀರಿಗೆ. ಮಕ್ಕಳ ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ ಬೆಳಕಿನಲ್ಲಿ ನೋಡಬೇಕು. ಇದು ಚಳಿಯ ಮಾತಲ್ಲ, ಕಾಯಿಲೆಯ ಮಾತು. ಈ ಜೊತೆಯ ತೂಕವನ್ನು ನಾನು ನೋಡುವುದೇ ಇಲ್ಲ.

ಮಳೆಗಾಲದಲ್ಲಾದರೆ ಇಂಬಳ, ಅಂದರೆ ಜಿಗಣೆ. ಅದಕ್ಕೂ ಉದ್ದ ಸಾಕ್ಸ್, ಉಪ್ಪಿನ ಪೊಟ್ಟಣ. ಆಗ ಸಾಕ್ಸ್ ದಿನಕ್ಕೆರಡು ಜೊತೆ ಬೇಕು. ಅಷ್ಟೆ.

ಈಗ ಮತ್ತೆ ಹೊನ್ನೆಮರಡಿಗೆ ಹೊರಟಿದ್ದೇವೆ, ನಾಳೆಯೇ. ಅದೇ ಎರಡು ರಾತ್ರಿ, ಮೂರು ಹಗಲು. ಮಗನಿಗೆ ಎಂಟು ತುಂಬಿದೆ. ಅವನಿಗೆ ಅಂಗಿ ಎರಡು, ಪ್ಯಾಂಟ್ ನಾಲ್ಕು. ಮಗಳಿಗೆ ಈಗ ಹನ್ನೆರಡು ವರ್ಷ. ಅವಳ ಒಳ ಉಡುಪನ್ನು ದಿನದ ಲೆಕ್ಕದಲ್ಲಿ ಇಡದೆ ಎರಡು ಪಟ್ಟು ಇಟ್ಟಿದ್ದೇನೆ, ಜೊತೆಗೆ ಒಂದು ಗಾಢ ಬಣ್ಣದ ಪ್ಯಾಂಟ್, ಪ್ಯಾಡುಗಳು, ಹಳೇ ಪೇಪರ್, ಕವರ್. ದಿನ ಇನ್ನೂ ದೂರ ಇದೆ ಅಂದಳು. ದೂರ ಇದ್ದರೂ ಇರ್ಲಿ ಅಂದೆ. ಟೆಂಟಿನಲ್ಲಿ, ತಮ್ಮನ ಪಕ್ಕ, ಅಪ್ಪನ ಎದುರು ಅವಳು ಮುಜುಗರ ಪಡಬಾರದು. ನಾನು ಅವಳ ವಯಸ್ಸಿನಲ್ಲಿ ಒಂದು ಮದುವೆ ಮನೆಯಲ್ಲಿ ಅದನ್ನು ಅನುಭವಿಸಿದ್ದೇನೆ.

ಮನೆಯವರಿಗೂ ನನಗೂ ಹಾಕಿಕೊಂಡು ಹೋಗುವುದು ಒಂದು ಜೊತೆ, ಬದಲಿಗೆ ಒಂದು, ಕಾಡಿಗೆ ಒಂದು, ರಾತ್ರಿಯದು ಒಂದು. ತೆಳ್ಳನೆ ಜರ್ಕಿನ್ ತಲೆಗೊಂದು. ದಾರಿಯಲ್ಲಿ ಯಾರ ಮನೆಗಾದರೂ ಹೋಗಬೇಕಾದರೆ ಅಂತ ಇಡುತ್ತಿದ್ದ ಚೂಡಿದಾರನ್ನು ಈ ಸಲ ಇಟ್ಟಿಲ್ಲ. ಕೆಂಪು ಮಣ್ಣು ಮೆತ್ತಿದ ಬಟ್ಟೆಯಲ್ಲಿ ಬಾಗಿಲಿಗೆ ಬಂದರೂ ಒಳಗೆ ಕರೆಯುವವರ ಮನೆಗೆ ಮಾತ್ರ ಹೋಗುವುದು ಅಂತ ತೀರ್ಮಾನಿಸಿದ್ದೇವೆ.

ಎಲ್ಲ ಮುಗಿಯಿತು ಅನ್ನುವಾಗ ಮಗಳು ಹಳದಿ ಫ್ರಾಕ್ ಹಿಡಿದು ನಿಂತಳು. ದಸರೆಗೆ ತಗೊಂಡಿದ್ದು. ತೋಳಿಲ್ಲ, ಮೊಣಕಾಲ ತನಕ. ಚಳಿಗೂ ಆಗದು, ಕಾಡಿಗೂ ಆಗದು. “ನೀರಿನ ಹತ್ತಿರ ಸೂರ್ಯ ಮುಳುಗುವಾಗ ಹಾಕ್ಕೋತೀನಿ ಅಮ್ಮ, ಹತ್ತೇ ನಿಮಿಷ,” ಅಂದಳು. ನಾನು ತಕ್ಕಡಿ ತಂದು ಇಟ್ಟೆ. 140 ಗ್ರಾಂ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮಡಚಿ ಮೇಲೆ ಇಟ್ಟೆ, ಸುಕ್ಕಾಗದ ಹಾಗೆ.

ಅಮ್ಮನಿಗೆ ಮಂಡಿನೋವು, ಈ ಸಲ ಬರುವುದಿಲ್ಲ. ಈಗಷ್ಟೇ ಫೋನ್ ಮಾಡಿದ್ದರು. ಎಷ್ಟು ಜೊತೆ ಇಟ್ಟೆ ಅಂತ ಕೇಳಲಿಲ್ಲ. “ಕಂಬಳಿ ಬಿಸಿಲಿಗೆ ಹಾಕಿದ್ಯಾ?” ಅಂದರು. ಬೆಳಿಗ್ಗೆಯೇ ಹಾಕಿ ಕೊಡವಿದ್ದೆ. ಅದು ಯಾವ ಬ್ಯಾಗಿಗೂ ಹಿಡಿಯುವುದಿಲ್ಲ. ಸುರುಳಿ ಸುತ್ತಿ, ಬಟ್ಟೆ ಒಣಗಿಸುವ ಹಗ್ಗದಲ್ಲೇ ಬಿಗಿದು ಬಾಗಿಲ ಪಕ್ಕ ನಿಲ್ಲಿಸಿದ್ದೇನೆ. ನಾಲ್ಕೂವರೆಗೆ ಅಲಾರಂ ಇದೆ.